ಓದಲು ಒಪ್ಪಿದ್ದು, ಹಾಡಲು ಒಗ್ಗದಿದ್ದದ್ದು: ‘ಲಾ ತ್ರಾವಿಯಾತಾ’ವನ್ನು ಗ್ರೀಕಿಗೆ ತಂದುಕೊಟ್ಟ ಒಂದು ಅನುವಾದ ಸೇವೆ

ಅಥೆನ್ಸ್‌ನ ಒಂದು ಹವ್ಯಾಸಿ ಗಾಯನ ತಂಡಕ್ಕೆ ನಾನು ಪಿಯಾನೋ ನುಡಿಸುತ್ತೇನೆ. ಇಟಲಿಯ ಸಂಗೀತಕಾರ ವೆರ್ದಿಯ ‘ಲಾ ತ್ರಾವಿಯಾತಾ’ ಒಪೆರಾವನ್ನು, ಅಂದರೆ ಹಾಡಿನಲ್ಲಿಯೇ ನಡೆಯುವ ಆ ನಾಟಕವನ್ನು, ವಾದ್ಯವೃಂದವಿಲ್ಲದೆ, ಪಿಯಾನೋ ಒಂದರ ಜೊತೆಯಲ್ಲಿ, ಮುಖ್ಯ ಹಾಡುಗಳನ್ನಷ್ಟೇ ಆರಿಸಿಕೊಂಡು ಗ್ರೀಕಿನಲ್ಲಿ ಹಾಡಬೇಕೆಂದು ತಂಡದವರು ತೀರ್ಮಾನಿಸಿದಾಗ, ಅದರ ಸಾಹಿತ್ಯವನ್ನು, ಅಂದರೆ ಲಿಬ್ರೆಟೊವನ್ನು, ಇಟಾಲಿಯನ್ನಿನಿಂದ ಗ್ರೀಕಿಗೆ ತರಿಸುವ ಹೊಣೆ ನನ್ನ ಮೇಲೆ ಬಿತ್ತು. ಇಲ್ಲಿನ ಒಂದು ಅನುವಾದ ಸಂಸ್ಥೆಗೆ ಆ ಕೆಲಸವನ್ನು ಒಪ್ಪಿಸಿದೆವು. ಸಂಸ್ಥೆಯ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಏಕೆಂದರೆ ಮುಂದೆ ನಾನು ಎತ್ತಿ ತೋರಿಸುವ ದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಕೆಲಸವನ್ನು ಕೈಗೆತ್ತಿಕೊಳ್ಳುವ ಯಾವ ಸಂಸ್ಥೆಯಲ್ಲಾದರೂ ಕಾಣಿಸಿಕೊಳ್ಳಬಹುದಾದಂಥವು, ಮತ್ತು ಇಂಥ ಕೆಲಸ ಮಾಡಿಸಲು ಹೊರಡುವವರಿಗೆ ಹೆಸರಿಗಿಂತ ಆ ವಿವರಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ನಾವು ಕೇಳಿದ್ದು ಎರಡು ಪಠ್ಯಗಳನ್ನು. ಒಂದು, ಇಡೀ ಲಿಬ್ರೆಟೊದ ಗ್ರೀಕ್ ಮೇಲ್ಬರಹ, ಎಂದರೆ ರಂಗದ ಮೇಲ್ಭಾಗದ ಪರದೆಯ ಮೇಲೆ ಹಾಡಿನ ಜೊತೆಜೊತೆಗೆ ಮೂಡಿ ಮರೆಯಾಗುವ ಸಾಲುಗಳು. ಇನ್ನೊಂದು, ನಾವು ಆರಿಸಿಕೊಂಡ ಹಾಡುಗಳಿಗೆ ವೆರ್ದಿಯ ಸ್ವರಗಳ ಮೇಲೆಯೇ ಕೂರುವಂಥ, ಗಾಯಕರು ಹಾಡಬಲ್ಲ ಗ್ರೀಕ್ ಸಾಹಿತ್ಯ. ಮೇಲ್ನೋಟಕ್ಕೆ ಇವೆರಡೂ ಒಂದೇ ಕೆಲಸದ ಎರಡು ರೂಪಗಳಂತೆ ಕಾಣುತ್ತವೆಯಾದರೂ, ಇವುಗಳ ನಡುವೆ ಎಷ್ಟು ಅಂತರವಿದೆ ಎಂಬುದು ಸಂಸ್ಥೆಗೂ ನಮಗೂ ಮನದಟ್ಟಾದದ್ದು ಮೊದಲ ತಾಲೀಮಿನ ದಿನವೇ. ಮೇಲ್ಬರಹದ ಕೆಲಸಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಹಾಡುವ ಪಠ್ಯದ ಮೊದಲ ಕರಡು ಓದಲು ಸೊಗಸಾಗಿತ್ತು, ಹಾಡಲು ಬರುವಂತಿರಲಿಲ್ಲ. ಅನುವಾದಕಿ ತಾವೇ ತಾಲೀಮಿಗೆ ಬಂದು ಪಿಯಾನೋ ಪಕ್ಕದಲ್ಲಿ ಕುಳಿತು ತಿದ್ದಿದ ಮೇಲಷ್ಟೇ ಅದು ಹಾಡಾಯಿತು.

ಗ್ರೀಕಿನಲ್ಲಿಯೇ ಹಾಡುವ ಹಠವೇಕೆ ಎಂದು ಕೆಲವರು ಕೇಳಿದರು. 2017ರಿಂದ ರೆಂಜೊ ಪಿಯಾನೊ ವಿನ್ಯಾಸಗೊಳಿಸಿದ ಸ್ತಾವ್ರೋಸ್ ನಿಯಾರ್ಖೋಸ್ ಪ್ರತಿಷ್ಠಾನದ ಸಾಂಸ್ಕೃತಿಕ ಕೇಂದ್ರದಲ್ಲಿ ನೆಲೆಸಿರುವ ಗ್ರೀಸಿನ ರಾಷ್ಟ್ರೀಯ ಒಪೆರಾ ಕೂಡ ಇಟಾಲಿಯನ್ ಕೃತಿಗಳನ್ನು ಇಟಾಲಿಯನ್ನಿನಲ್ಲಿಯೇ ಹಾಡಿಸಿ ಅರ್ಥವನ್ನು ಪರದೆಗೆ ಬಿಡುತ್ತದೆ. ಆದರೆ ಪರದೆಯ ಪದ್ಧತಿ ಶುರುವಾದದ್ದೇ 1983ರಲ್ಲಿ, ಟೊರಾಂಟೊದ ಕೆನಡಿಯನ್ ಒಪೆರಾ ಕಂಪನಿಯ ಪ್ರದರ್ಶನದಿಂದ. ಅದಕ್ಕಿಂತ ಮೊದಲು ಕೇಳುಗರ ಭಾಷೆಯಲ್ಲಿ ಹಾಡುವುದು ಎಷ್ಟೋ ದೇಶಗಳಲ್ಲಿ ವಾಡಿಕೆಯಾಗಿತ್ತು. ಹೆಸರಾಂತ ಒಪೆರಾ ಗಾಯಕಿ ಮರಿಯಾ ಕಾಲಾಸ್ 1942ರ ಆಗಸ್ಟ್‌ನಲ್ಲಿ ಇದೇ ಅಥೆನ್ಸ್‌ನಲ್ಲಿ ತೋಸ್ಕಾ ಪಾತ್ರವನ್ನು ಮೊದಲ ಬಾರಿ ಹಾಡಿದ್ದು ಗ್ರೀಕಿನಲ್ಲಿ. ಅದಕ್ಕೂ ಹಿಂದೆ, 1733ರಿಂದಲೇ ಇಟಾಲಿಯನ್ ಒಪೆರಾ ಕೇಳುತ್ತಿದ್ದ ಕೋರ್ಫು ದ್ವೀಪದಲ್ಲಿ, 1867ರಲ್ಲಿ ಸ್ಪಿರಿಡಾನ್ ಕ್ಸಿಂದಾಸ್ ಗ್ರೀಕ್ ಲಿಬ್ರೆಟೊಗೆ ಸಂಗೀತ ಕೊಟ್ಟು ಆ ಭಾಷೆಯೂ ಒಪೆರಾದ ಸ್ವರಕ್ಕೆ ಒಗ್ಗುತ್ತದೆಂದು ತೋರಿಸಿದ್ದರು. ನಮ್ಮ ಕೇಳುಗರಲ್ಲಿ ಹೆಚ್ಚಿನವರು ವಯಸ್ಸಾದವರು; ಕತ್ತೆತ್ತಿ ಪರದೆಯನ್ನೂ ತಗ್ಗಿಸಿ ವೇದಿಕೆಯನ್ನೂ ನೋಡುತ್ತ ಅಳುವುದು ಅವರಿಂದಾಗದು. ಸಾಯುತ್ತಿರುವ ಹೆಣ್ಣು, ಕೃತಿಯ ನಾಯಕಿ ವಿಯೊಲೆತ್ತಾ, ತನ್ನ ಮಾತನ್ನು ಅವರ ಮಾತಿನಲ್ಲಿಯೇ ಹೇಳಲಿ ಎಂಬುದು ನಮ್ಮ ಆಸೆಯಾಗಿತ್ತು.

ಮೊದಲು ಮೇಲ್ಬರಹದ ವಿಚಾರ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ದೂರುವುದಕ್ಕೆ ಹೆಚ್ಚೇನೂ ಇಲ್ಲ. ಒಮ್ಮೆಗೆ ಎರಡೇ ಸಾಲು, ಸಾಲಿಗೆ ಸುಮಾರು 40 ಅಕ್ಷರಗಳ ಮಿತಿ, ಪ್ರತಿ ಬರಹದ ಎದುರಿಗೆ ಅದು ಮೂಡಬೇಕಾದ ಸ್ವರಲಿಪಿಯ ಪುಟ ಮತ್ತು ಆವರ್ತದ ಸಂಖ್ಯೆ, ಹೀಗೆ ಕಡತ ಅಚ್ಚುಕಟ್ಟಾಗಿ ಬಂತು. ಎರಡನೆಯ ಅಂಕದ ಕೊನೆಯಲ್ಲಿ ಹತ್ತಾರು ಜನ ಏಕಕಾಲಕ್ಕೆ ಬೇರೆ ಬೇರೆ ಮಾತು ಹಾಡುವಾಗ ಎಲ್ಲವನ್ನೂ ಪರದೆಗೆ ತುರುಕದೆ ವಿಯೊಲೆತ್ತಾಳ ಸಾಲುಗಳನ್ನಷ್ಟೇ ಉಳಿಸಿಕೊಂಡದ್ದು ವಿವೇಕದ ಆಯ್ಕೆ. ನನಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು ಮೂರನೆಯ ಅಂಕದ ಒಂದು ಸಣ್ಣ ವಿವರ. ವೈದ್ಯರು ರೋಗಿಯನ್ನು ನೋಡಿ, ಅವಳಿಗೆ ಧೈರ್ಯ ಹೇಳಿ, ಹೊರಡುವಾಗ ಸೇವಕಿ ಆನ್ನಿನಾಳ ಕಿವಿಯಲ್ಲಿ ಕ್ಷಯ ಇನ್ನು ಕೆಲವೇ ಗಂಟೆ ಬಿಡುತ್ತದೆ ಎಂದು ಪಿಸುಗುಟ್ಟುತ್ತಾರೆ. ಆ ಸಾಲು ಧೈರ್ಯದ ಮಾತಿನ ಜೊತೆಗೇ ಪರದೆಯಲ್ಲಿ ಮೂಡಿಬಿಟ್ಟರೆ, ವೈದ್ಯರು ಬಾಯಿ ತೆರೆಯುವ ಮೊದಲೇ ಸಭೆಗೆ ವಿಷಯ ಗೊತ್ತಾಗಿಬಿಡುತ್ತದೆ. ಸಂಸ್ಥೆಯವರು ಅದನ್ನು ಪ್ರತ್ಯೇಕ ಬರಹವಾಗಿ ಬಿಡಿಸಿ, ಹಾಡುಗಾರ ಮಾತು ಎತ್ತಿದ ಮೇಲಷ್ಟೇ ತೋರಿಸಿರಿ ಎಂದು ಪಕ್ಕದಲ್ಲಿ ಬರೆದು ಕಳುಹಿಸಿದ್ದರು. ರಂಗವನ್ನು ಕಣ್ಣಮುಂದೆ ಇಟ್ಟುಕೊಂಡು ಕೆಲಸ ಮಾಡಿದವರಿಗೆ ಮಾತ್ರ ಇದು ಹೊಳೆಯುತ್ತದೆ.

ಅದೇ ಸಾಲಿನಲ್ಲಿ ಒಂದು ಪದದ ಆಯ್ಕೆ ಮಾತ್ರ ತಪ್ಪಿತ್ತು. ಕ್ಷಯಕ್ಕೆ ಇಟಾಲಿಯನ್ ಪಠ್ಯದಲ್ಲಿರುವುದು ‘ತೀಸಿ’. ಕರಡಿನಲ್ಲಿ ಅದಕ್ಕೆ ‘ಫಿಮತೀಒಸಿ’ ಎಂಬ ಇಂದಿನ ವೈದ್ಯಕೀಯ ಪದವನ್ನು ಹಾಕಿದ್ದರು. ಅದು ಆಸ್ಪತ್ರೆಯ ಚೀಟಿಯಲ್ಲಿ ಬರೆಯುವ ಪದ, ಎರಡು ಅಕ್ಷರಗಳ ಜಾಗಕ್ಕೆ ಐದು ಅಕ್ಷರಗಳನ್ನು ತರುವ ಪದ. ಗ್ರೀಕಿನಲ್ಲಿ ಈ ರೋಗಕ್ಕೆ ಹಳೆಯ ಹೆಸರು ‘ಫ್ಥೀಸಿ’. ಇಟಾಲಿಯನ್ನಿನ ‘ತೀಸಿ’ ಹುಟ್ಟಿದ್ದೇ ಆ ಗ್ರೀಕ್ ಪದದಿಂದ. ಎರಡಕ್ಕೂ ಎರಡೇ ಅಕ್ಷರ, ಎರಡರಲ್ಲೂ ಒತ್ತು, ಅಂದರೆ ಉಚ್ಚಾರದಲ್ಲಿ ದನಿಯ ಭಾರ, ಮೊದಲನೆಯದರ ಮೇಲೆ. ಮನೆಬಿಟ್ಟು ಹೋಗಿದ್ದ ಪದ ಮನೆಗೆ ಮರಳಿದಂತೆ ಅದು ಅಲ್ಲಿ ಬಂದು ಕೂತಿತು.

ಈಗ ಹಾಡುವ ಪಠ್ಯಕ್ಕೆ ಬರುತ್ತೇನೆ. ಓದುವವರ ಅನುಕೂಲಕ್ಕಾಗಿ, ಗ್ರೀಕ್ ಮತ್ತು ಇಟಾಲಿಯನ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ, ಸಾಧ್ಯವಾದಲ್ಲೆಲ್ಲ ಒತ್ತು ಬೀಳುವ ಅಕ್ಷರವನ್ನು ದೀರ್ಘವಾಗಿ ಬರೆದಿದ್ದೇನೆ. ಈ ಕೆಲಸದಲ್ಲಿ ಎಲ್ಲವೂ ನಿಂತಿರುವುದು ಆ ಒತ್ತಿನ ಮೇಲೆ. ಲಿಬ್ರೆಟೊ ಬರೆದ ಫ್ರಾಂಚೆಸ್ಕೊ ಮರಿಯಾ ಪಿಯಾವೆ ಪ್ರತಿ ಸಾಲಿನ ಅಕ್ಷರಗಳನ್ನು ಎಣಿಸಿ, ಒತ್ತನ್ನು ನಿಗದಿಯಾದ ಜಾಗದಲ್ಲಿ ಇಟ್ಟು ಬರೆದರು. ವೆರ್ದಿ ಆ ಒತ್ತುಗಳ ಮೇಲೆ ಉದ್ದ ಸ್ವರಗಳನ್ನೂ ಎತ್ತರದ ಸ್ವರಗಳನ್ನೂ ಕಟ್ಟಿದರು. ಅನುವಾದದಲ್ಲಿ ಅರ್ಥ ಎಷ್ಟೇ ಸರಿಯಾಗಿದ್ದರೂ ಒತ್ತು ಒಂದು ಅಕ್ಷರದಷ್ಟು ಸರಿದರೆ ಹಾಡು ಕುಂಟುತ್ತದೆ. ಗ್ರೀಕಿನಲ್ಲಿ ಅದು ಕುಂಟುವುದಷ್ಟೇ ಅಲ್ಲ, ಪದವೇ ಬೇರೆಯಾಗಿಬಿಡುತ್ತದೆ.

ಇದಕ್ಕೆ ಕರಡಿನಲ್ಲಿದ್ದ ಒಂದು ಉದಾಹರಣೆ ಸಾಕು. ಮೊದಲ ಅಂಕದಲ್ಲಿ ವಿಯೊಲೆತ್ತಾಳ ಪ್ರೇಮಿ ಅಲ್ಫ್ರೇದೊ ತನ್ನ ಪ್ರೇಮವನ್ನು ‘ಕ್ರೋಚೆ ಎ ದೆಲೀತ್ಸಿಯಾ’, ಶಿಲುಬೆಯೂ ಹೌದು, ಸುಖವೂ ಹೌದು, ಎಂದು ಕರೆಯುತ್ತಾನೆ. ಇಡೀ ಕೃತಿ ಈ ಎರಡು ಪದಗಳ ನಡುವೆ ತೂಗುತ್ತದೆ. ಗ್ರೀಕಿನಲ್ಲಿ ಶಿಲುಬೆಗೆ ‘ಸ್ತವ್ರೋಸ್’. ಒತ್ತು ಎರಡನೆಯ ಅಕ್ಷರದ ಮೇಲೆ. ಇಟಾಲಿಯನ್ನಿನ ‘ಕ್ರೋಚೆ’ಗೆ ಒತ್ತು ಮೊದಲನೆಯದರ ಮೇಲೆ. ಕರಡಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟುಬಿಟ್ಟಿದ್ದರು. ನಮ್ಮ ಗಾಯಕ ಸ್ವರಲಿಪಿಗೆ ನಿಷ್ಠನಾಗಿ ಹಾಡಿದಾಗ ಕೇಳಿಸಿದ್ದು ‘ಸ್ತಾವ್ರೊಸ್’. ಅದು ಗ್ರೀಸಿನಲ್ಲಿ ಗಂಡಸರಿಗೆ ಇಡುವ ಸರ್ವೇಸಾಮಾನ್ಯ ಹೆಸರು. ಪ್ರೇಮದ ಅತಿ ಗಂಭೀರವಾದ ಗಳಿಗೆಯಲ್ಲಿ ಯಾರನ್ನೋ ಹೆಸರು ಹಿಡಿದು ಕರೆದಂತೆ ಆಯಿತು. ಗಾಯಕ ಅಲ್ಲಿಯೇ ನಿಲ್ಲಿಸಿದರು. ಮುಂದಿನ ವಾರ ಅದನ್ನು ತಿದ್ದಿ ‘ಪೋನೊಸ್’, ಅಂದರೆ ನೋವು, ಎಂದು ಹಾಕಲಾಯಿತು. ಒತ್ತು ಮೊದಲನೆಯದರ ಮೇಲೆ, ಅಕ್ಷರ ಎರಡೇ, ಬಾಯಿಗೂ ಹಿತ. ಆದರೆ ಶಿಲುಬೆ ಹೋಯಿತು. ಪ್ರೇಮವನ್ನು ಹೊತ್ತು ನಡೆಯಬೇಕಾದ ಭಾರವೆಂದು ಕಂಡ ಆ ರೂಪಕ ಬರೀ ನೋವಿನಲ್ಲಿ ಇಲ್ಲ. ಅದು ನನಗೆ ಇಂದಿಗೂ ಕೊರಗಿನ ವಿಷಯವೇ, ಆದರೂ ಬೇರೆ ದಾರಿ ನನಗೆ ತೋಚಲಿಲ್ಲ.

ಅದೇ ಸಾಲು ಮುಗಿಯುವುದು ‘ಅಲ್ ಕೋರ್’, ಹೃದಯಕ್ಕೆ, ಎಂದು. ಇಟಾಲಿಯನ್ ಕವಿಗಳಿಗೆ ಒಂದು ಅನುಕೂಲವಿದೆ: ‘ಕೋರೆ’ಯನ್ನು ‘ಕೋರ್’ ಎಂದೂ, ‘ಅಮೋರೆ’ಯನ್ನು ‘ಅಮೋರ್’ ಎಂದೂ ತುದಿ ಕತ್ತರಿಸಿ, ಸಾಲಿನ ಕಟ್ಟಕಡೆಯ ಸ್ವರದ ಮೇಲೆಯೇ ಒತ್ತನ್ನು ತಂದು ನಿಲ್ಲಿಸಬಲ್ಲರು. ಗ್ರೀಕಿನಲ್ಲಿ ಪದದ ತುದಿಯನ್ನು ಹಾಗೆ ಕತ್ತರಿಸಲು ಬರುವುದಿಲ್ಲ; ಒತ್ತು ತಾನಾಗಿ ಕೊನೆಯಲ್ಲಿರುವ ಪದವನ್ನು ಹುಡುಕಬೇಕು. ಹೃದಯದ ವಿಷಯದಲ್ಲಿ ಭಾಷೆಯೇ ಕೈಹಿಡಿಯಿತು, ‘ಕರ್ದ್ಯಾ’ ಎಂಬ ಪದದ ಒತ್ತು ಕೊನೆಯಲ್ಲಿದೆ, ಅದೂ ತೆರೆದ ಆಕಾರದ ಮೇಲೆ. ಆದರೆ ಸಾಹಿತ್ಯವನ್ನು ಸ್ವರಗಳ ಕೆಳಗೆ ಜೋಡಿಸಿದ ತಂತ್ರಾಂಶ ಆ ಎರಡಕ್ಷರದ ಪದವನ್ನು ‘ಕರ್-ದಿ-ಆ’ ಎಂದು ಮೂರಾಗಿ ಒಡೆದಿತ್ತು. ಇಂಥ ಒಡಕು ಇಡೀ ಪ್ರತಿಯಲ್ಲಿ ಹಲವೆಡೆ ಇತ್ತು, ಅವನ್ನೆಲ್ಲ ಪೆನ್ಸಿಲ್ ಹಿಡಿದು ಸರಿಪಡಿಸುವುದರಲ್ಲಿ ನನ್ನ ಎರಡು ಸಂಜೆಗಳು ಹೋದವು. ಗ್ರೀಕ್ ಬರವಣಿಗೆಯಲ್ಲಿ, 1982ರಲ್ಲಿ ಬಂದ ಸರಳ ಪದ್ಧತಿಯಂತೆ, ಒಂದಕ್ಕಿಂತ ಹೆಚ್ಚು ಅಕ್ಷರಗಳಿರುವ ಪದಗಳಿಗೆ ಒತ್ತಿನ ಗುರುತು ಹಾಕಿಯೇ ಬರೆಯುತ್ತಾರೆ. ಹಾಡುವವರಿಗೆ ಇದು ದೊಡ್ಡ ವರ. ಅಷ್ಟು ಸ್ಪಷ್ಟವಾದ ಗುರುತು ಕಣ್ಣೆದುರಿಗೇ ಇರುವಾಗ ಅದನ್ನು ಸ್ವರದ ಜೊತೆ ಹೊಂದಿಸಿ ಒಮ್ಮೆ ನೋಡದೆ ಪ್ರತಿಯನ್ನು ಕಳುಹಿಸಿದ್ದನ್ನು ನಾನು ಅಲಕ್ಷ್ಯವೆಂದೇ ಹೇಳುತ್ತೇನೆ.

ಇನ್ನೊಂದು ತೊಡಕು ಸ್ವರಾಕ್ಷರಗಳದ್ದು. ಗ್ರೀಕಿನಲ್ಲಿ ಇಕಾರದ ಧ್ವನಿಯನ್ನು ಹಲವು ಬಗೆಯಲ್ಲಿ ಬರೆಯುತ್ತಾರೆ, ಆದ್ದರಿಂದ ಕಾಗದದ ಮೇಲೆ ಬೇರೆ ಬೇರೆಯಾಗಿ ಕಾಣುವ ಪದಗಳು ಬಾಯಿಯಲ್ಲಿ ಒಂದೇ ಆಗಿ ‘ಇ’ ಎಂದು ಮೊಳಗುತ್ತವೆ. ಆತ್ಮಕ್ಕೆ ‘ಪ್ಸಿಖೀ’, ಬದುಕಿಗೆ ‘ಝೊಈ’. ಕಾವ್ಯಕ್ಕೆ ಬೇಕಾದ ಪದಗಳೇ ಇಕಾರದಲ್ಲಿ ಮುಗಿಯುತ್ತವೆ. ತಾರಸ್ಥಾಯಿಯಲ್ಲಿ ಇಕಾರವನ್ನು ಎಳೆಯುವಾಗ ಗಂಟಲು ಬಿಗಿಯುತ್ತದೆ, ಆಕಾರಕ್ಕೆ ಅದು ತೆರೆಯುತ್ತದೆ. ಕರಡನ್ನು ಬರೆದವರು ಮೇಜಿನ ಮುಂದೆ ಕುಳಿತು ಬರೆದಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ನಮ್ಮ ವಿಯೊಲೆತ್ತಾ ತನ್ನ ಪ್ರತಿಯಲ್ಲಿ ಎತ್ತರದ ಸ್ವರಗಳ ಮೇಲೆ ಬಿದ್ದ ಇಕಾರಗಳಿಗೆಲ್ಲ ಕೆಂಪು ಸುತ್ತು ಹಾಕಿ ತಂದಿದ್ದರು. ಮೊದಲ ಅಂಕದ ಎರಡು ಪುಟಗಳಂತೂ ಕೆಂಪಾಗಿಯೇ ಇದ್ದವು.

ಆ ಪುಟಗಳನ್ನು ನಾನು ಸಂಸ್ಥೆಗೆ ಕಳುಹಿಸಿದೆ. ಅವರು ವಾದಕ್ಕೆ ನಿಲ್ಲಲಿಲ್ಲ, ಎರಡನೆಯ ಬಿಲ್ ಕಳುಹಿಸುವ ಮಾತೂ ಆಡಲಿಲ್ಲ. ಅನುವಾದಕಿಯನ್ನೇ ತಾಲೀಮಿಗೆ ಕಳುಹಿಸಿದರು. ಕೋರ್ಫು ದ್ವೀಪದಲ್ಲಿ ಬೆಳೆದ, ಇಟಾಲಿಯನ್ನನ್ನು ಮನೆಯ ಹಿರಿಯರಿಂದಲೇ ಕಲಿತ ಅವರು ಮೊದಲ ದಿನ ಏನನ್ನೂ ಬರೆಯದೆ ಸುಮ್ಮನೆ ಕೇಳಿದರು. ಎರಡನೆಯ ದಿನದಿಂದ ಅವರ ಪೆನ್ಸಿಲ್ ಓಡತೊಡಗಿತು. ಈ ವಿಮರ್ಶೆಯಲ್ಲಿ ನಾನು ಹೊಗಳುವುದರಲ್ಲಿ ಬಹುಪಾಲು ಅಲ್ಲಿಂದ ಮುಂದಿನ ಕೆಲಸ.

ಕೆಲವು ಸಾಲುಗಳು ಮೊದಲ ಕರಡಿನಲ್ಲಿಯೇ ಚೆನ್ನಾಗಿ ಬಂದಿದ್ದವು ಎಂಬುದನ್ನು ಮರೆಮಾಚಬಾರದು. ಪಾನಗೀತೆಯ ‘ಲಿಬ್ಯಾಮೊ’ಗೆ ‘ಅಸ್ ಪ್ಯೂಮೆ’, ಕುಡಿಯೋಣ: ಮೂರಕ್ಕೆ ಮೂರಕ್ಷರ, ಎರಡರಲ್ಲೂ ಒತ್ತು ನಡುವೆ. ಮೊದಲ ಅಂಕದ ಕೊನೆಯಲ್ಲಿ ವಿಯೊಲೆತ್ತಾ ಸದಾ ಸ್ವತಂತ್ರಳಾಗಿರುತ್ತೇನೆಂದು ಹಾಡುವ ‘ಸೆಂಪ್ರೆ ಲೀಬೆರಾ’ಗೆ ‘ಪಾಂದಾ ಎಲೆಫ್ಥೆರಿ’ ಎಂಬುದನ್ನು ಸಂಧಿ ಮಾಡಿ ‘ಪಾಂದೆಲೆಫ್ಥೆರಿ’ ಎಂದು ಕೂಡಿಸಿದ್ದರು. ಅಲ್ಲಿಯೂ ಐದು ಅಕ್ಷರ, ಇಲ್ಲಿಯೂ ಐದು. ಅಲ್ಲಿಯೂ ಒತ್ತು ಒಂದನೆಯದಕ್ಕೆ ಮತ್ತು ಮೂರನೆಯದಕ್ಕೆ, ಇಲ್ಲಿಯೂ ಹಾಗೆಯೇ. ಅರ್ಥವೂ ಕೂದಲೆಳೆಯಷ್ಟು ಆಚೀಚೆಯಾಗಿಲ್ಲ. ಪಿಯಾವೆಯೇ ಗ್ರೀಕಿನಲ್ಲಿ ಬರೆದಿದ್ದರೂ ಹೀಗೆಯೇ ಬರೆಯುತ್ತಿದ್ದರೆಂದು ನನಗೆ ತೋರುತ್ತದೆ.

ಮೂರನೆಯ ಅಂಕದ ಯುಗಳಗೀತೆಯ ಕಥೆ ಇದಕ್ಕಿಂತ ಕಷ್ಟದ್ದು. ಸಾವಿನ ಹಾಸಿಗೆಯ ಪಕ್ಕದಲ್ಲಿ ಕುಳಿತ ಅಲ್ಫ್ರೇದೊ, ಪ್ಯಾರಿಸ್ಸನ್ನು ಬಿಟ್ಟುಹೋಗೋಣ ಎನ್ನುತ್ತಾನೆ: ‘ಪರೀಜಿ, ಓ ಕಾರಾ, ನೋಯ್ ಲಾಶೆರೇಮೊ’. ಐದಕ್ಷರದ ಎರಡು ತುಂಡುಗಳು, ತೊಟ್ಟಿಲು ತೂಗುವ ಲಯ. ಕರಡಿನಲ್ಲಿ ಮೊದಲ ತುಂಡಿಗೆ ‘ಪರೀಸಿ, ಫೋಸ್ ಮು’ ಎಂದಿತ್ತು. ‘ಫೋಸ್ ಮು’ ಎಂದರೆ ನನ್ನ ಬೆಳಕೇ. ಪ್ರೀತಿಯಿಂದ ಕರೆಯಲು ಗ್ರೀಕರು ಬಳಸುವ ಮಾತು. ಅಕ್ಷರವೂ ಒತ್ತೂ ಮೂಲಕ್ಕೆ ಸರಿಯಾಗಿ ಹೊಂದುತ್ತಿದ್ದವು, ಹಾಡಲೂ ಸುಖವಾಗಿತ್ತು. ಆದರೆ ಗ್ರೀಕಿನಲ್ಲಿ ಊರಿನ ಹೆಸರಿಗೂ ಮುಂದೆ, ಇಂಗ್ಲಿಷಿನ ‘ದಿ’ಯಂಥ, ಒಂದು ಉಪಪದ ಇರಬೇಕು. ಅದನ್ನು ಬಿಟ್ಟು ‘ಪರೀಸಿ’ ಎಂದಷ್ಟೇ ಹೇಳಿದರೆ ಅದು ಸಂಬೋಧನೆಯಾಗುತ್ತದೆ. ಪಕ್ಕದಲ್ಲಿ ಸಾಯುತ್ತಿರುವ ಪ್ರೇಯಸಿಯನ್ನು ಬಿಟ್ಟು ಅವನು ಪ್ಯಾರಿಸ್ ನಗರವನ್ನೇ ನನ್ನ ಬೆಳಕೇ ಎಂದು ಕರೆದಂತೆ ಆಗುತ್ತಿತ್ತು. ಅನುವಾದಕಿ ಈ ಸಾಲಿನ ಮೇಲೆ ಒಂದಿಡೀ ಸಂಜೆ ಕುಳಿತರು. ನಾನು ಮೊದಲ ನಾಲ್ಕು ಆವರ್ತಗಳನ್ನು ಮತ್ತೆ ಮತ್ತೆ ನುಡಿಸುತ್ತಿದ್ದೆ, ಅವರು ತುಟಿಯಲ್ಲಿಯೇ ಪದಗಳನ್ನು ತಿರುವಿಹಾಕುತ್ತಿದ್ದರು. ಕೊನೆಗೆ ಅವರು ಸಾಲನ್ನೇ ಮಗುಚಿದರು: ‘ಮಕ್ರ್ಯಾ, ಕಲೀ ಮು, ಅಪ್ ತೊ ಪರೀಸಿ’. ದೂರ, ನನ್ನ ಚೆನ್ನೆ, ಪ್ಯಾರಿಸ್ಸಿನಿಂದ. ಊರಿನ ಹೆಸರು ಮೊದಲಿಂದ ಕೊನೆಗೆ ಬಂತು, ಉಪಪದವೂ ಒಳಗೆ ಕೂತಿತು, ಐದೈದು ಅಕ್ಷರಗಳ ತುಂಡುಗಳು ಹಾಗೆಯೇ ಉಳಿದವು, ಮತ್ತು ‘ದೂರ’ ಎಂಬ ಪದ ಮೊದಲಿಗೇ ಬಂದದ್ದರಿಂದ ಮೂಲದಲ್ಲಿ ಇಲ್ಲದ ಒಂದು ಸಂಕಟವೂ ಸೇರಿತು. ಅವಳು ಹೋಗಲಿರುವ ದೂರ ಅವನಿಗೆ ಗೊತ್ತಿಲ್ಲ, ಕೇಳುವ ನಮಗೆ ಗೊತ್ತಿದೆ.

ಅನುವಾದವನ್ನು ನೋಡಿ ತಿದ್ದುವ ಸಂಸ್ಥೆಯ ಪರಿಶೀಲಕರು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಕನ್ನಡಿಗರಿಗೆ ಅದು ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ನೀನು, ನೀವು ಇರುವಂತೆ ಗ್ರೀಕಿನಲ್ಲಿ ‘ಎಸೀ’ ಮತ್ತು ‘ಎಸೀಸ್’ ಇವೆ, ಇಟಾಲಿಯನ್ ಪಠ್ಯದಲ್ಲಿಯೂ ಈ ಭೇದವಿದೆ. ಎರಡನೆಯ ಅಂಕದಲ್ಲಿ ಅಲ್ಫ್ರೇದೊನ ತಂದೆ ಜೆರ್ಮೋಂ, ಮಗನನ್ನು ಬಿಟ್ಟುಬಿಡು ಎಂದು ಕೇಳಲು ವಿಯೊಲೆತ್ತಾಳ ಮನೆಗೆ ಬರುತ್ತಾನೆ. ಬಂದಾಗ ಅವನ ಮಾತೆಲ್ಲ ನೀವು, ತಾವು. ಅದು ಗೌರವವಲ್ಲ, ದೂರ ಇಡುವ ಬಗೆ. ಅವಳು ತನ್ನ ಬದುಕನ್ನೇ ಬಿಟ್ಟುಕೊಡಲು ಒಪ್ಪಿದ ಮೇಲೆ ಅವನು ಮೊದಲ ಬಾರಿಗೆ ‘ಪ್ಯಾಂಜಿ’, ಅಳು, ಎಂದು ಏಕವಚನಕ್ಕೆ ಇಳಿಯುತ್ತಾನೆ. ಆ ಒಂದು ಇಳಿತದಲ್ಲಿ ಅಪರಿಚಿತನೊಬ್ಬ ಕ್ಷಣಕಾಲ ಅವಳಿಗೆ ತಂದೆಯಾಗುತ್ತಾನೆ. ಅನುವಾದಕಿ ಇದಕ್ಕೆ ‘ಕ್ಲಾಪ್ಸೆ’ ಎಂದು ಏಕವಚನವನ್ನೇ ಬರೆದಿದ್ದರಂತೆ, ಅಕ್ಷರ ಮತ್ತು ಒತ್ತು ಎರಡೂ ಸರಿಹೊಂದುವ ಪದ. ಸಂಸ್ಥೆಯ ಪರಿಶೀಲಕರು ಪಾತ್ರದ ಸಂಬೋಧನೆ ಉದ್ದಕ್ಕೂ ಒಂದೇ ಇರಬೇಕೆಂಬ ನಿಯಮ ಹಿಡಿದು ಅದನ್ನು ‘ಕ್ಲಾಪ್ಸ್ತೆ’ ಎಂದು ಬಹುವಚನ ಮಾಡಿದ್ದರು. ಕಚೇರಿಯ ಪತ್ರಕ್ಕೆ ಆ ನಿಯಮ ಸರಿ. ಈ ದೃಶ್ಯದಲ್ಲಿ ಅದು ಎದೆಯನ್ನೇ ತೆಗೆದುಹಾಕಿತ್ತು. ತಿದ್ದುಪಡಿಯ ಪ್ರತಿಯಲ್ಲಿ ಏಕವಚನ ಮರಳಿ ಬಂತು.

ಪ್ರೇಮಕ್ಕೆ ಯಾವ ಪದ ಎಂಬ ಪ್ರಶ್ನೆಯಲ್ಲಿ ಅನುವಾದಕಿಯ ಬುದ್ಧಿಯನ್ನು ನಾನು ಮನಸಾರೆ ಮೆಚ್ಚಿದೆ. ಇಟಾಲಿಯನ್ನಿನಲ್ಲಿ ‘ಅಮೋರೆ’ ಒಂದೇ. ಗ್ರೀಕಿನಲ್ಲಿ ಮೋಹ, ಅನುರಾಗಗಳಿಗೆ ‘ಏರೊತಾಸ್’, ಮಮತೆ, ಅಕ್ಕರೆ, ತ್ಯಾಗಗಳನ್ನೂ ಒಳಗೊಂಡ ಪ್ರೀತಿಗೆ ‘ಅಗಾಪಿ’. ಅವರು ಮೊದಲ ಅಂಕದಲ್ಲಿ ಉದ್ದಕ್ಕೂ ‘ಏರೊತಾಸ್’ ಇಟ್ಟು, ಎರಡನೆಯ ಅಂಕದಲ್ಲಿ ವಿಯೊಲೆತ್ತಾ ಅವನನ್ನು ಬಿಟ್ಟುಹೋಗುವ ಗಳಿಗೆಯಿಂದ ‘ಅಗಾಪಿ’ಗೆ ಹೊರಳಿದರು. ನನ್ನನ್ನು ಪ್ರೀತಿಸು ಎಂದು ಬೇಡಲು ಗ್ರೀಕರ ಬಾಯಿಗೆ ಸಹಜವಾಗಿ ಬರುವುದು ‘ಅಗಾಪ ಮೆ’ ಎಂದೇ ಆದ್ದರಿಂದ ಆ ಹೊರಳು ಹೇರಿದಂತೆ ಕೇಳಿಸುವುದಿಲ್ಲ. ಮೂಲದಲ್ಲಿ ಸಂಗೀತವೊಂದೇ ಹೇಳುವ ಬದಲಾವಣೆಯನ್ನು ಇಲ್ಲಿ ಭಾಷೆಯೂ ಹೇಳುತ್ತದೆ. ಅನುವಾದವೊಂದು ಮೂಲಕ್ಕೆ ಏನನ್ನಾದರೂ ಕೂಡಿಸಬಲ್ಲದು ಎಂಬುದಕ್ಕೆ ನನ್ನ ಕಣ್ಣಿಗೆ ಬಿದ್ದ ಒಳ್ಳೆಯ ನಿದರ್ಶನ ಇದು.

ಆದರೆ ಅದೇ ‘ಅಗಾಪ ಮೆ’ ನಮಗೆ ಬಗೆಹರಿಯದ ತೊಡಕೂ ಆಯಿತು. ‘ಆಮಮಿ, ಅಲ್ಫ್ರೇದೊ’ ಎಂಬಲ್ಲಿ ವೆರ್ದಿ ಆ ಮೊದಲ ‘ಆ’ ಅಕ್ಷರದ ಮೇಲೆ ಇಡೀ ಭಾರವನ್ನು ಇಳಿಸುತ್ತಾರೆ. ಗ್ರೀಕ್ ಪದದಲ್ಲಿ ಒತ್ತಿಲ್ಲದ ಒಂದು ‘ಅ’ ಮೊದಲು ಬಂದು, ಭಾರ ‘ಗಾ’ ಮೇಲೆ ಬೀಳಬೇಕು. ಆದ್ದರಿಂದ ಅಲ್ಲಿ ಒಂದು ಪುಟ್ಟ ಸ್ವರವನ್ನು ಮುಂದಕ್ಕೆ ಸೇರಿಸಿ, ನಮ್ಮ ಸಂಗೀತಗಾರರು ಅತೀತವೆನ್ನುವಂತೆ ತಾಳಕ್ಕೆ ಮೊದಲೇ ಹಾಡನ್ನು ಎತ್ತಬೇಕಾಯಿತು. ಗಾಯಕಿ ಆ ‘ಅ’ವನ್ನು ಉಸಿರಿನಲ್ಲಿಯೇ ಅಡಗಿಸಿ ಹಾಡಿದರು, ಬಿಡಿಯಾಗಿ ಕೇಳಿದರೆ ಚೆನ್ನಾಗಿಯೂ ಇತ್ತು. ಆದರೆ ಈ ಮಟ್ಟು ಒಪೆರಾದ ಆರಂಭದ ಪ್ರಸ್ತಾವನಾ ಸಂಗೀತದಲ್ಲಿಯೇ ಮಾತಿಲ್ಲದೆ ಬಂದುಹೋಗಿರುತ್ತದೆ. ಆಗ ಅದು ನೇರವಾಗಿ ಭಾರದ ಮೇಲೆಯೇ ತೊಡಗುತ್ತದೆ. ಅದನ್ನು ನುಡಿಸಿದವನೂ ನಾನೇ, ಒಂದು ಗಂಟೆ ಕಳೆದ ಮೇಲೆ ಈ ಹೆಚ್ಚುವರಿ ಸ್ವರವನ್ನು ನುಡಿಸಿದವನೂ ನಾನೇ ಆದ್ದರಿಂದ ಆ ವ್ಯತ್ಯಾಸ ನನಗೆ ಪ್ರತಿಸಲವೂ ಮುಳ್ಳಿನಂತೆ ಚುಚ್ಚಿತು. ಅನುವಾದಕಿ ನಾಲ್ಕೈದು ಪರ್ಯಾಯಗಳನ್ನು ಕೊಟ್ಟರು. ಒಂದರಲ್ಲಿ ಒತ್ತು ಸರಿಹೋದರೆ ಬೇಡಿಕೆಯ ದೈನ್ಯ ಹೋಗುತ್ತಿತ್ತು. ಕೊನೆಗೆ ‘ಅಗಾಪ ಮೆ’ಯನ್ನೇ ಉಳಿಸಿಕೊಂಡೆವು. ಇದನ್ನು ಸಂಸ್ಥೆಯ ದೋಷವೆಂದು ನಾನು ಎಣಿಸುವುದಿಲ್ಲ.

ಭಾಷೆಯ ಮಟ್ಟದ ಬಗ್ಗೆಯೂ ಒಂದು ಮಾತು. ಗ್ರೀಸಿನಲ್ಲಿ ಬಹುಕಾಲ ಬರಹಕ್ಕೆ ಕಥರೆವೂಸಾ ಎಂಬ ಪಾಂಡಿತ್ಯದ ಗ್ರೀಕೂ, ಮಾತಿಗೆ ದಿಮೊತಿಕಿ ಎಂಬ ಆಡುನುಡಿಯೂ ಇದ್ದವು. ಆಡುನುಡಿಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1976ರಲ್ಲಿ. ನಾವು ಆಡುನುಡಿಯನ್ನೇ ಕೇಳಿದ್ದೆವು. 1853ರ ಮಾರ್ಚ್ 6ರಂದು ವೆನಿಸ್ಸಿನ ಲಾ ಫೆನೀಚೆ ರಂಗಮಂದಿರದಲ್ಲಿ ‘ಲಾ ತ್ರಾವಿಯಾತಾ’ ಮೊದಲು ಪ್ರದರ್ಶನಗೊಂಡಾಗ ವೆರ್ದಿಗೆ ಬೇಕಿದ್ದದ್ದು ತಮ್ಮ ಕಾಲದ ಉಡುಗೆತೊಡುಗೆ, ತಮ್ಮ ಕಾಲದ ಕಥೆ. ಆದರೂ ಕಥೆಯನ್ನು 1700ರ ಸುಮಾರಿಗೆ ಹಿಂದೂಡಬೇಕಾಯಿತು. ಕೇಳುಗರ ಕಾಲದಲ್ಲಿಯೇ ನಡೆಯಬೇಕೆಂದು ಬರೆದ ಕೃತಿಗೆ ಹಳೆಯ ನುಡಿಯ ಪೋಷಾಕು ತೊಡಿಸುವುದು ಸರಿಯಲ್ಲವೆಂದು ನಾನು ನಂಬುತ್ತೇನೆ. ಸಂಸ್ಥೆ ಈ ಕೋರಿಕೆಯನ್ನು ಚಾಚೂ ತಪ್ಪದೆ ಪಾಲಿಸಿತು. ಒಂದೇ ಒಂದು ಕಡೆ, ಮೂರನೆಯ ಅಂಕದಲ್ಲಿ ವಿಯೊಲೆತ್ತಾ ಹಾಡದೆ ಮಾತಿನಲ್ಲಿಯೇ ಓದುವ ಜೆರ್ಮೋಂನ ಪತ್ರದಲ್ಲಿ, ಹಳೆಯ ಶಿಷ್ಟ ಬರಹದ ಲೇಪವನ್ನು ಉಳಿಸಿದ್ದಾರೆ. ಪತ್ರ ಬರೆಯುವ ಹಿರಿಯನ ಬಿಗುಮಾನ ಅದರಲ್ಲಿ ಕೇಳಿಸುತ್ತದೆ, ಅಲ್ಲಿ ಅದು ಒಪ್ಪುತ್ತದೆ.

ದರದ ಲೆಕ್ಕಾಚಾರ ಮಾತ್ರ ಈ ಕೆಲಸಕ್ಕೆ ತಕ್ಕದ್ದಲ್ಲ. ಸಂಸ್ಥೆ ಮೂಲದ ಪದಕ್ಕೆ ಇಷ್ಟು ಸೆಂಟ್ ಎಂದು ಯೂರೋ ಲೆಕ್ಕ ಕಟ್ಟುತ್ತದೆ, ಪುನರಾವರ್ತನೆಯಾದ ಸಾಲುಗಳಿಗೆ ತಂತ್ರಾಂಶ ತಾನೇ ರಿಯಾಯಿತಿ ಕೊಡುತ್ತದೆ. ಮೇಲ್ಬರಹಕ್ಕೆ ಇದು ನ್ಯಾಯ. ಮೊದಲ ಅಂಕದಲ್ಲಿ ಪ್ರೇಮ ಮೊಳೆತಾಗಲೂ, ಕೊನೆಯ ಅಂಕದಲ್ಲಿ ಸಾವು ಬಂದಾಗಲೂ ವಿಯೊಲೆತ್ತಾ ‘ಎ ಸ್ತ್ರಾನೊ’, ಎಂಥ ವಿಚಿತ್ರ, ಎಂದೇ ತೊಡಗುತ್ತಾಳೆ. ತಂತ್ರಾಂಶ ಎರಡೂ ಕಡೆ ‘ಪರಾಕ್ಸೆನೊ’ ಎಂಬ ಒಂದೇ ಪದವನ್ನು ಇಟ್ಟದ್ದರಿಂದ ಆ ಪ್ರತಿಧ್ವನಿ ಗ್ರೀಕಿನಲ್ಲಿಯೂ ಉಳಿಯಿತು. ಒಂದಕ್ಷರ ಹೆಚ್ಚಾದರೂ ಎರಡೂ ಕಡೆ ಮಾತಿನ ಧಾಟಿಯೇ ಆದ್ದರಿಂದ ತೊಂದರೆಯಾಗಲಿಲ್ಲ. ಆದರೆ ಹಾಡುವ ಪಠ್ಯದಲ್ಲಿ, ಐದು ಪದಗಳ ಒಂದು ಸಾಲಿಗೆ ಒಂದು ಸಂಜೆ ಹಿಡಿಯುತ್ತದೆ. ಅನುವಾದಕಿಯ ತಾಲೀಮಿನ ಗಂಟೆಗಳಿಗೆ ಸಂಸ್ಥೆಯ ದರಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ನಾವೇ ಕೇಳಿ, ಒತ್ತಾಯಿಸಿ, ಅವರಿಗೆ ಬೇರೆಯಾಗಿ ಸಂಭಾವನೆ ಕೊಡಿಸಿದೆವು. ಈ ಸೇವೆಯನ್ನು ಪಡೆಯುವವರು ಮುಂಗಡ ಕೊಡುವ ಮೊದಲೇ ಎರಡು ಪಠ್ಯಗಳಿಗೂ ಬೇರೆ ಬೇರೆ ಕರಾರು ಮಾಡಿಕೊಂಡು, ಹಾಡುವ ಪಠ್ಯಕ್ಕೆ ಗಂಟೆಯ ಲೆಕ್ಕದಲ್ಲಿ ದರ ಗೊತ್ತುಮಾಡಿ, ಅನುವಾದಕರು ಕನಿಷ್ಠ ನಾಲ್ಕು ತಾಲೀಮುಗಳಿಗೆ ಬರಬೇಕೆಂದು ಬರೆಸಿಕೊಳ್ಳಬೇಕು. ಹಾಗೆ ಬರೆಸಿಕೊಂಡರೆ ಈ ಸಂಸ್ಥೆಗೇ ಮತ್ತೆ ಕೆಲಸ ಕೊಡಲು ನಾನು ಹಿಂಜರಿಯುವುದಿಲ್ಲ. ಬರೀ ಕಡತ ತರಿಸಿಕೊಂಡು ಹಾಡಲು ಹೊರಡುವುದಾದರೆ ಬೇಡವೆನ್ನುತ್ತೇನೆ.

ಕೊನೆಯ ತಾಲೀಮಿನಲ್ಲಿ ತಿದ್ದಿದ್ದು ಕೃತಿಯ ಕೊನೆಯ ಪುಟವನ್ನು. ವಿಯೊಲೆತ್ತಾ ಮತ್ತೆ ಬದುಕುತ್ತಿದ್ದೇನೆಂದು ಭ್ರಮಿಸಿ ‘ಓ ಜೋಯಾ’, ಆಹಾ ಆನಂದ, ಎಂದು ಎತ್ತರಕ್ಕೆ ಏರಿ ಕುಸಿಯುತ್ತಾಳೆ. ಗ್ರೀಕಿನಲ್ಲಿ ಅದು ‘ಓ ಖರಾ’. ಒತ್ತು ಕೊನೆಯ ಆಕಾರದ ಮೇಲೆ, ಎಳೆದಷ್ಟೂ ತೆರೆಯುವ ಅಕ್ಷರ. ‘ಯಾ’ ಎಂಬ ಕಿರು ಸ್ವರಕ್ಕೆ ಈಗ ಅಕ್ಷರವೇ ಇಲ್ಲವಾದ್ದರಿಂದ ಅದನ್ನು ಹಿಂದಿನ ಸ್ವರಕ್ಕೆ ಸೇರಿಸುವ ಕಮಾನನ್ನು ಅನುವಾದಕಿ ಗಾಯಕಿಯ ಪ್ರತಿಯಲ್ಲಿ ತಾವೇ ಎಳೆದರು. ಆಮೇಲೆ ವೈದ್ಯರ ಒಂದು ಮಾತು, ‘ಎ ಸ್ಪೆಂತಾ’. ಕರಡಿನಲ್ಲಿ ‘ಪೇಥನೆ’, ಸತ್ತಳು, ಎಂದಿತ್ತು. ಅವರು ಅದನ್ನು ಹೊಡೆದುಹಾಕಿ ‘ಏಸ್ವಿಸೆ’ ಎಂದು ಬರೆದರು. ಎರಡೂ ಮೂರಕ್ಷರದ ಪದಗಳು, ಎರಡಕ್ಕೂ ಒತ್ತು ಮೊದಲನೆಯದರ ಮೇಲೆ, ಸಂಗೀತಕ್ಕೆ ಯಾವುದಾದರೂ ನಡೆಯುತ್ತಿತ್ತು. ಆದರೆ ‘ಸ್ಪೆಂತಾ’ ಎಂದರೆ ಆರಿಹೋದವಳು, ಗ್ರೀಕಿನ ‘ಏಸ್ವಿಸೆ’ ಎಂದರೂ ಆರಿಹೋದಳು. ದೀಪಕ್ಕೂ ಜೀವಕ್ಕೂ ಗ್ರೀಕರು ಹೇಳುವ ಮಾತು ಅದೇ. ವೈದ್ಯರ ಪಾತ್ರ ಮಾಡುತ್ತಿದ್ದ ಹಿರಿಯರು ಆ ಪದವನ್ನು ಒಮ್ಮೆ ಮೆಲ್ಲಗೆ ಓದಿಕೊಂಡು, ಕನ್ನಡಕ ತೆಗೆದು ಒರೆಸಿ, ಕೊನೆಯ ಪುಟವನ್ನು ಇನ್ನೊಮ್ಮೆ ನುಡಿಸುವಂತೆ ನನಗೆ ಹೇಳಿದರು.